ಹೋಟೆಲ್ಲು ಹೋಯಿತು, ಮದುವೆಮನೆ ಉಳಿಯಿತು

ನಾಗಪುರದವರಿಗೆ ಕಳಮನಾ ಎಂದರೆ ಮಾರ್ಕೆಟ್ಟು. ಊರಿನ ಪೂರ್ವದ ಅಂಚಿನಲ್ಲಿರುವ ಇಲ್ಲಿನ ಎಪಿಎಂಸಿ ಯಾರ್ಡಿಗೆ ಚಳಿಗಾಲ ಶುರುವಾದರೆ ಸಾಕು, ಕಿತ್ತಳೆ ತುಂಬಿದ ಟೆಂಪೋಗಳು ಸಾಲುಗಟ್ಟುತ್ತವೆ. ಅದರ ಹಿಂದೆಯೇ ಮೆಣಸಿನಕಾಯಿ ಚೀಲಗಳು. ಆ ದಿನಗಳಲ್ಲಿ ಗಾಳಿ ನಮ್ಮ ಕಡೆ ತಿರುಗಿದರೆ ಇಡೀ ಓಣಿ ಸೀನುತ್ತದೆ. ನನಗೊಬ್ಬನಿಗೆ ಅದರಿಂದ ತೊಂದರೆಯಿಲ್ಲ. ನಾನು ಬ್ಯಾಡಗಿಯವನು, ಆ ಘಾಟು ಮೂಗಿಗೆ ಬಡಿದರೆ ಊರಿಗೆ ಬಂದು ಇಳಿದ ಹಾಗೆ. ವಿಎನ್‌ಐಟಿಯಲ್ಲಿ ಎಂ.ಟೆಕ್ ಮಾಡಲು ಬಂದವನು, ಇಲ್ಲಿಯ ಅಡತಿ ವ್ಯಾಪಾರಿಯೊಬ್ಬರ ಮಗಳನ್ನು ಮದುವೆಯಾಗಿ, ಮಿಹಾನ್‌ನಲ್ಲಿ ಕೆಲಸ ಹಿಡಿದು ಇಲ್ಲೇ ಉಳಿದುಬಿಟ್ಟೆ. ದಿನಾ ಪ್ರಜಾಪತಿ ನಗರದಲ್ಲಿ ಮೆಟ್ರೋ ಹತ್ತಿ, ಸೀತಾಬರ್ಡಿಯಲ್ಲಿ ಬದಲಿಸಿ, ಖಾಪ್ರಿಯಲ್ಲಿ ಇಳಿಯುತ್ತೇನೆ. ಊರಿನ ಈ ತುದಿಯಿಂದ ಆ ತುದಿ.

ನಾನು ಹೇಳಹೊರಟಿರುವುದು ಲಾಸ್ ವೇಗಸ್‌ನಲ್ಲಿದ್ದು ಈಗ ಇಲ್ಲದಿರುವ ಒಂದು ಕ್ಯಾಸಿನೊ ಹೋಟೆಲಿನ ಕಥೆ. ಮದುವೆಗಳಿಗೆ ಹೆಸರಾದ ಹೋಟೆಲು. ಆದರೆ ಕಳಮನಾದ ಒಂದು ಲಾನ್ ಬಗ್ಗೆ ಮೊದಲು ಹೇಳದಿದ್ದರೆ, ಕಂಪನಿ ಖರ್ಚಿನಲ್ಲಿ ಅಮೆರಿಕಕ್ಕೆ ಹೋದವನು ಬೇರೇನನ್ನೂ ನೋಡದೆ ಅದರ ಬೆನ್ನು ಹತ್ತಿದ್ದೇಕೆ ಎಂದು ನಿಮಗೆ ತಿಳಿಯುವುದಿಲ್ಲ.

ಬೆಂಗಳೂರಿನವರು ಕಲ್ಯಾಣ ಮಂಟಪ ಅನ್ನುವುದಕ್ಕೆ ಇಲ್ಲಿಯವರು ಲಾನ್ ಅನ್ನುತ್ತಾರೆ. ಸುತ್ತ ಕಾಂಪೌಂಡು, ನಡುವೆ ಹುಲ್ಲು, ಒಂದು ಬದಿ ವೇದಿಕೆ, ಹಿಂದೆ ಅಡುಗೆ ಶೆಡ್ಡು, ನಾಲ್ಕು ಕೋಣೆ. ಅಷ್ಟೇ. ನಾಗಪುರದ ಬೇಸಿಗೆಯಲ್ಲಿ ಛಾವಣಿ ಕೆಳಗೆ ಸಾವಿರ ಜನರನ್ನು ಕೂರಿಸುವುದಕ್ಕಿಂತ ಸೂರ್ಯ ಮುಳುಗಿದ ಮೇಲೆ ಬಯಲಿನಲ್ಲಿ ಕೂರಿಸುವುದು ಮೇಲು. ನಮ್ಮ ಮದುವೆ ಆದದ್ದು ಅಂಥದ್ದೊಂದು ಲಾನ್‌ನಲ್ಲಿ, 2013ರ ಮೇ ತಿಂಗಳಲ್ಲಿ. ಸಂಜೆ ಏಳಕ್ಕೂ ನೆಲ ಕಾದ ಹೆಂಚಿನಂತಿತ್ತು. ಆಳೆತ್ತರದ ಕೂಲರ್‌ಗಳು ಗಾಳಿಗಿಂತ ಹೆಚ್ಚು ನೀರನ್ನೇ ಎರಚುತ್ತಿದ್ದವು. ಅಂತರ್ಪಟದ ಆಚೆ ಹುಡುಗಿ, ಈಚೆ ನಾನು, ಭಟ್ಟರು ಮರಾಠಿ ಧಾಟಿಯಲ್ಲಿ ಮಂಗಳಾಷ್ಟಕ ಎಳೆಯುತ್ತಿದ್ದಾರೆ. ನಮ್ಮ ಕಡೆಯಿಂದ ಅವ್ವ, ಸೋದರಮಾವ, ಇಬ್ಬರು ಗೆಳೆಯರು. ಅಪ್ಪ ಬರಲಿಲ್ಲ. ಬೇರೆ ಜಾತಿ, ಬೇರೆ ಭಾಷೆ, ಮೇಲೆ ತನ್ನನ್ನು ಕೇಳದೆ ದಿನ ಗೊತ್ತು ಮಾಡಿದ್ದು. ಮೂರರಲ್ಲಿ ಯಾವುದಕ್ಕೆ ಹೆಚ್ಚು ಸಿಟ್ಟು ಬಂದಿತ್ತೋ ಅವನು ಯಾವತ್ತೂ ಹೇಳಲಿಲ್ಲ.

ನಾಲ್ಕು ವರ್ಷ ಬಿಟ್ಟು, ಮೊಮ್ಮಗಳು ನಡೆಯಲು ಕಲಿತ ಮೇಲೆ, ಅಪ್ಪ ಮೊದಲ ಬಾರಿ ನಾಗಪುರಕ್ಕೆ ಬಂದ. ಎರಡು ದಿನ ನಮ್ಮ ಮಾವನ ಜೊತೆ ಮಾರ್ಕೆಟ್ಟಿನಲ್ಲೇ ಕಳೆದ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುವುದಿಲ್ಲ, ಆದರೆ ಮೆಣಸಿನಕಾಯಿ ಮುರಿದು, ಬೀಜ ಎಣಿಸಿ, ಮೂಸಿ ನೋಡುವುದಕ್ಕೆ ಭಾಷೆ ಯಾಕೆ ಬೇಕು. ಹೊರಡುವ ದಿನ ಬೆಳಗ್ಗೆ ಚಹಾ ಕುಡಿಯುತ್ತ, "ನಿನ್ನ ಲಗ್ನ ಎಲ್ಲಿ ಆತು? ಆ ಜಾಗಾ ತೋರಿಸು" ಅಂದ. ಕರೆದುಕೊಂಡು ಹೋದೆ. ಸೀಸನ್ ಅಲ್ಲದ ಕಾಲ, ಹುಲ್ಲು ಒಣಗಿತ್ತು, ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಅಪ್ಪ ವೇದಿಕೆ ಹತ್ತಿ ಇಳಿದ. ಅಡುಗೆ ಶೆಡ್ಡಿನಲ್ಲಿ ಒಲೆ ಎಷ್ಟಿವೆ ನೋಡಿದ. ಬಾಡಿಗೆ ಎಷ್ಟು ಕೊಟ್ಟಿದ್ದರು ಎಂದು ಕೇಳಿ, ಜಾಸ್ತಿಯಾಯಿತು ಅಂದ. ಮೂಲೆಯಲ್ಲಿ ಬೇವಿನ ಗಿಡದ ಕೆಳಗೆ ಒಂದು ಹ್ಯಾಂಡ್‌ಪಂಪ್ ಇತ್ತು. ನಾಲ್ಕು ಸಲ ಜಗ್ಗಿ, ಬೊಗಸೆಯಲ್ಲಿ ನೀರು ಹಿಡಿದು ಕುಡಿದು, "ನೀರು ಛಲೋ ಐತಿ" ಅಂದ. ಅವನ ಕಡೆಯಿಂದ ಮದುವೆಗೆ ಸಿಕ್ಕ ಒಪ್ಪಿಗೆ ಅದೇ. ಅವನು 2020ರಲ್ಲಿ ತೀರಿಕೊಂಡ.

ಲಾನ್ 2022ರಲ್ಲಿ ಮುಚ್ಚಿತು. ಈಗ ಅಲ್ಲಿ ತಗಡಿನ ಗೋದಾಮು ಇದೆ. ಮಾಲೀಕನನ್ನು ದೂರುವಂತಿಲ್ಲ. ಮಾರ್ಕೆಟ್ಟಿನ ಪಕ್ಕದ ಜಾಗ, ವರ್ಷಕ್ಕೆ ನಲವತ್ತು ಮದುವೆಯ ಬಾಡಿಗೆಗಿಂತ ಹನ್ನೆರಡು ತಿಂಗಳ ಗೋದಾಮಿನ ಬಾಡಿಗೆ ಗಟ್ಟಿ. ಮಗಳು ಶಾಲೆಯ ಯಾವುದೋ ಪ್ರಾಜೆಕ್ಟಿಗೆ "ಆಯಿ ಬಾಬಾ ಮದುವೆಯಾದ ಜಾಗ" ಎಂದು ಫೋಟೊ ತೆಗೆಯಲು ಹೊರಟಾಗ ತಗಡಿನ ಗೋಡೆ ನೋಡಿ, ನಾನು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡಳು.

ಹೋದ ಡಿಸೆಂಬರ್‌ನಲ್ಲಿ ಒಂದು ಸಮ್ಮೇಳನಕ್ಕಾಗಿ ಆಫೀಸಿನವರು ನನ್ನನ್ನು ಲಾಸ್ ವೇಗಸ್‌ಗೆ ಕಳಿಸಿದರು. ಐಟಿಯಲ್ಲಿರುವವರಿಗೆ ಇದು ಹೊಸದಲ್ಲ. ಸಾವಿರಾರು ಜನ ಒಟ್ಟಿಗೆ ಮಲಗಿ ಎದ್ದು ಸ್ಲೈಡು ನೋಡುವಷ್ಟು ಹೋಟೆಲು ಕೋಣೆಗಳು ಅಲ್ಲಿವೆ, ಅದಕ್ಕೇ ನಮ್ಮ ಕ್ಷೇತ್ರದ ಜಾತ್ರೆಗಳೆಲ್ಲ ಜೂಜಿನ ಊರಿನಲ್ಲಿ ನಡೆಯುತ್ತವೆ. ಉಪಾಹಾರಕ್ಕೆ ಹೋಗಬೇಕಾದರೂ ಸ್ಲಾಟ್ ಮಷಿನ್‌ಗಳ ನಡುವೆ ಹಾದುಹೋಗಬೇಕು. ಅಂದ ಹಾಗೆ, ಮಹಾರಾಷ್ಟ್ರವೂ 1976ರಲ್ಲಿ ಕ್ಯಾಸಿನೊಗಳಿಗೆಂದು ಕಾಯ್ದೆಯೊಂದನ್ನು ಮಾಡಿಟ್ಟುಕೊಂಡಿತ್ತು. ಒಂದು ದಿನವೂ ಜಾರಿಗೆ ತರದೆ 2023ರಲ್ಲಿ ಅದನ್ನು ರದ್ದು ಮಾಡಿತು. ಜೂಜಿಗೆ ಗೋವಾ ಇದೆ, ದೀಪಾವಳಿಯ ತೀನ್‌ಪತ್ತಿಗೆ ಕಳಮನಾ ಸಾಕು.

ಎರಡನೇ ದಿನ ಸಂಜೆ ಸ್ಟ್ರಿಪ್ ಎಂಬ ಆ ಹೆದ್ದಾರಿಯ ಮೇಲೆ ಸುಮ್ಮನೆ ನಡೆಯುತ್ತಿದ್ದೆ. ಒಂದು ಕಡೆ ಎನ್‌ಕೋರ್ ಹೋಟೆಲಿನ ಕಂಚಿನ ಬಣ್ಣದ ಗಾಜಿನ ಗೋಡೆ, ಅದರ ಎದುರಿಗೆ ಬರೀ ಬಯಲು. ಅಂಗುಲಕ್ಕೆ ಬೆಲೆ ಕಟ್ಟುವ ಬೀದಿಯಲ್ಲಿ ಎಕರೆಗಟ್ಟಲೆ ಮಣ್ಣು. ಅಲ್ಲಿ ಏನಿತ್ತು ಎಂದು ಫೋನಿನಲ್ಲಿ ಹುಡುಕಿದೆ. ಆ ರಾತ್ರಿ ನಿದ್ದೆ ಮಾಡದೆ ಓದಿದ್ದು ಇಷ್ಟು.

ಆ ಬಯಲಿನಲ್ಲಿದ್ದದ್ದು ಲಾಸ್ಟ್ ಫ್ರಾಂಟಿಯರ್ ಎಂಬ ಹೋಟೆಲು. ಬಾಗಿಲು ತೆರೆದದ್ದು 1942ರ ಅಕ್ಟೋಬರ್ 30ರಂದು. ಆಗ ಸ್ಟ್ರಿಪ್ ಎಂಬ ಹೆಸರೂ ಗಟ್ಟಿಯಾಗಿರಲಿಲ್ಲ, ಲಾಸ್ ಏಂಜಲಿಸ್ ಕಡೆಗೆ ಹೋಗುವ 91ನೇ ನಂಬರಿನ ಮರುಭೂಮಿ ರಸ್ತೆ ಅದು. ಅಲ್ಲಿ ಅದಕ್ಕಿಂತ ಮೊದಲು ಬಂದ ದೊಡ್ಡ ಹೋಟೆಲೆಂದರೆ 1941ರ ಎಲ್ ರಾಂಚೊ ವೇಗಸ್ ಒಂದೇ. ಕಟ್ಟಿಸಿದವರು ಆರ್. ಇ. ಗ್ರಿಫಿತ್ ಎಂಬ ಸಿನಿಮಾ ಥಿಯೇಟರುಗಳ ಮಾಲೀಕ. ನಕ್ಷೆ ಹಾಕಿದ್ದು ಅವರ ಸಂಬಂಧಿ, ವಾಸ್ತುಶಿಲ್ಪಿ ವಿಲಿಯಂ ಮೂರ್. ಯುದ್ಧದ ಕಾಲ, ಕಬ್ಬಿಣ ತಾಮ್ರವೆಲ್ಲ ಸೇನೆಗೆ ಮೀಸಲು. ಮೂರ್ ಸುಮ್ಮನೆ ಕೂರದೆ ಹಳೆಯ ಗಣಿಗಳನ್ನೇ ಕೊಂಡು, ಅಲ್ಲಿಯ ತಂತಿ, ಪೈಪುಗಳನ್ನು ಕಿತ್ತು ತಂದು ಹೋಟೆಲಿಗೆ ಹಾಕಿಸಿದರಂತೆ. ಇದನ್ನು ಓದುವಾಗ ನಮ್ಮ ಮಾವ ನೆನಪಾದರು. ಗುಜರಿಯವನು ಬಂದರೆ ಮಾರುವ ಬದಲು ಕೊಳ್ಳುವ ಜಾತಿ ಅದು.

ಹೋಟೆಲಿಗೆ ಅವರು ಆರಿಸಿಕೊಂಡ ವೇಷ ಹಳೆಯ ಕೌಬಾಯ್ ಸೀಮೆಯದು. ಛಾವಣಿಯಿಂದ ಗಾಡಿ ಚಕ್ರಗಳು ದೀಪವಾಗಿ ತೂಗುತ್ತಿದ್ದವು, ಮಂಚದ ತಲೆದೆಸೆಗೆ ಎತ್ತಿನ ನೊಗದ ಆಕಾರ, ಗೋಡೆ ತುಂಬ ಸತ್ತ ಪ್ರಾಣಿಗಳ ತಲೆ. ಅತಿಥಿಗಳನ್ನು ಕರೆತರಲು ಕುದುರೆ ಸಾರೋಟು ಬೇರೆ. ಆಮೇಲಾಮೇಲೆ ಪಕ್ಕದಲ್ಲೇ ಒಂದು ಹಳ್ಳಿಯನ್ನೂ ಕಟ್ಟಿದರು. ನಮ್ಮ ರಿಸಾರ್ಟುಗಳಲ್ಲಿ ಈಗ ಎತ್ತಿನಗಾಡಿ ನಿಲ್ಲಿಸಿ ಜೋಳದ ರೊಟ್ಟಿ ಬಡಿಸುತ್ತಾರಲ್ಲ, ಅದರ ಅಜ್ಜ.

ಇವೆಲ್ಲದರ ನಡುವೆ ಗ್ರಿಫಿತ್ ಮತ್ತು ಮೂರ್ ಒಂದು ಪುಟ್ಟ ಇಗರ್ಜಿಯನ್ನೂ ನಿಲ್ಲಿಸಿದರು. ಹೆಸರು ಲಿಟ್ಲ್ ಚರ್ಚ್ ಆಫ್ ದಿ ವೆಸ್ಟ್. ಕ್ಯಾಲಿಫೋರ್ನಿಯಾದ ಹಳೆಯ ಗಣಿ ಊರುಗಳ ಮರದ ಇಗರ್ಜಿಗಳ ಮಾದರಿ. ಭಾನುವಾರದ ಪ್ರಾರ್ಥನೆಗೆಂದು ಕಟ್ಟಿದ್ದಲ್ಲ, ಮದುವೆಗೆಂದೇ ಕಟ್ಟಿದ್ದು.

ಕ್ಯಾಸಿನೊದವನಿಗೆ ಮದುವೆಮನೆ ಯಾಕೆ? ಉತ್ತರ ಕಾನೂನಿನಲ್ಲಿದೆ. ನೆವಾಡ ರಾಜ್ಯ 1931ರಲ್ಲಿ ಜೂಜನ್ನು ಕಾನೂನುಬದ್ಧ ಮಾಡಿತು. ಅದೇ ವರ್ಷ, ಆರು ವಾರ ಅಲ್ಲಿ ವಾಸವಿದ್ದವರಿಗೆ ವಿಚ್ಛೇದನ ಸಿಗುವಂತೆಯೂ ಮಾಡಿತು. ಮದುವೆಗಂತೂ ಕಾಯುವ ಮಾತೇ ಇರಲಿಲ್ಲ. ಪಕ್ಕದ ಕ್ಯಾಲಿಫೋರ್ನಿಯಾದಲ್ಲಿ 1927ರಿಂದ ಮೂರು ದಿನದ ನೋಟಿಸು ಕಡ್ಡಾಯ. ಕುಡಿದ ಮತ್ತಿನಲ್ಲಿ ಮದುವೆಯಾಗಿ ಬೆಳಗ್ಗೆ ತಲೆ ಚಚ್ಚಿಕೊಳ್ಳದಿರಲಿ ಎಂದು ತಂದ ಕಾನೂನು ಅದು, ಜನ ಅದನ್ನು ಜಿನ್ ಕಾನೂನು ಎಂದೇ ಕರೆಯುತ್ತಿದ್ದರು. ಅವಸರವಿದ್ದವರು ಗಡಿ ದಾಟಿ ನೆವಾಡಕ್ಕೆ ಬರುತ್ತಿದ್ದರು. ಇವತ್ತಿಗೂ ಲಾಸ್ ವೇಗಸ್‌ನ ಮದುವೆ ಲೈಸೆನ್ಸಿನ ಕಚೇರಿ ವರ್ಷದ ಎಲ್ಲ ದಿನ ಬೆಳಗ್ಗೆ 8ರಿಂದ ರಾತ್ರಿ 12ರವರೆಗೆ ತೆರೆದಿರುತ್ತದೆ. ನಮ್ಮ ವಿಶೇಷ ವಿವಾಹ ಕಾಯ್ದೆಯ 30 ದಿನಗಳ ನೋಟಿಸನ್ನು ನೋಡಿದವರಿಗೆ, ಆ ನೋಟಿಸು ಗೋಡೆಯ ಮೇಲೆ ತೂಗುವಾಗ ಯಾರ ಮನೆಗೆ ಯಾರು ಫೋನು ಮಾಡುತ್ತಾರೆ ಎಂದು ಗೊತ್ತಿರುವವರಿಗೆ, ಇದರ ಬೆಲೆ ತಿಳಿದೀತು. ನಾವು ಆ ದಾರಿ ಬಿಟ್ಟು ಲಾನ್‌ನ ದಾರಿ ಹಿಡಿದದ್ದೂ ಅದಕ್ಕೇ.

ಯುದ್ಧದ ದಿನಗಳಲ್ಲಿ ಲಾಸ್ ವೇಗಸ್‌ನ ಪಕ್ಕದಲ್ಲೇ ಸೇನೆಯ ಗನ್ನರುಗಳ ತರಬೇತಿ ಶಾಲೆಯೂ ಇತ್ತು. ಸಮುದ್ರದಾಚೆ ಹೋಗುವ ಹುಡುಗರಿಗೆ ಮೂರು ದಿನವೂ ದೊಡ್ಡದೇ. ಮದುವೆಗೆ ಬಂದವರು ಕೋಣೆ ಹಿಡಿಯುತ್ತಾರೆ, ಉಣ್ಣುತ್ತಾರೆ, ಕುಡಿಯುತ್ತಾರೆ, ಜೊತೆಗೆ ಬಂದ ಚಿಕ್ಕಪ್ಪಂದಿರು ಜೂಜಾಡುತ್ತಾರೆ. ಇಗರ್ಜಿಯ ಗಂಟೆ ಬಾರಿಸಿದರೆ ಕ್ಯಾಸಿನೊದ ಗಲ್ಲಾಪೆಟ್ಟಿಗೆಯಲ್ಲೂ ಸದ್ದಾಗುತ್ತಿತ್ತು.

ಸಿನಿಮಾದವರು ಬಂದ ಮೇಲೆ ಹೆಸರು ಹಬ್ಬಿತು. ನಟಿ ಬೆಟ್ಟಿ ಗ್ರೇಬಲ್ ಮತ್ತು ವಾದ್ಯಗಾರ ಹ್ಯಾರಿ ಜೇಮ್ಸ್ 1943ರ ಜುಲೈನಲ್ಲಿ ಅಲ್ಲಿ ಮದುವೆಯಾದರು. ಝಾ ಝಾ ಗಾಬೊರ್ ಮತ್ತು ಜಾರ್ಜ್ ಸ್ಯಾಂಡರ್ಸ್ 1949ರಲ್ಲಿ, ಜೂಡಿ ಗಾರ್ಲೆಂಡ್ 1965ರಲ್ಲಿ. ಎಲ್ವಿಸ್ ಪ್ರೀಸ್ಲಿಯ 1964ರ ಚಿತ್ರ ವಿವಾ ಲಾಸ್ ವೇಗಸ್‌ನ ಕೊನೆಯ ಮದುವೆಯೂ ಇದೇ ಇಗರ್ಜಿಯದು. ಅದು ಸಿನಿಮಾದ ಮದುವೆ ಬಿಡಿ. ಅವನ ನಿಜವಾದ ಮದುವೆ 1967ರಲ್ಲಿ ಅಲಾದೀನ್ ಎಂಬ ಇನ್ನೊಂದು ಕ್ಯಾಸಿನೊ ಹೋಟೆಲಿನಲ್ಲಿ ಆಯಿತು. ಆ ಕಟ್ಟಡವನ್ನೂ 1998ರಲ್ಲಿ ಸ್ಫೋಟಿಸಿ ಉರುಳಿಸಿದರು.

ಹೋಟೆಲಿನ ಕಥೆ ಇಷ್ಟೇ ಆಗಿದ್ದರೆ ಸಿಹಿಯಾಗಿರುತ್ತಿತ್ತು. ಅಲ್ಲಿ ಸ್ಯಾಮಿ ಡೇವಿಸ್ ಜೂನಿಯರ್ ತನ್ನ ತಂದೆ ಮತ್ತು ವಿಲ್ ಮಾಸ್ಟಿನ್ ಜೊತೆ ಕುಣಿದು ಹಾಡಿ ಜನರನ್ನು ಹುಚ್ಚೆಬ್ಬಿಸುತ್ತಿದ್ದ. ಆಟ ಮುಗಿದ ಮೇಲೆ ಆ ಹೋಟೆಲಿನಲ್ಲಿ ಅವನಿಗೆ ಹಾಸಿಗೆ ಇಲ್ಲ, ಊಟದ ಮೇಜಿಲ್ಲ, ಜೂಜಿನ ಮೇಜೂ ಇಲ್ಲ. ಕರಿಯರು ಊರಿನ ವೆಸ್ಟ್‌ಸೈಡ್ ಎಂಬ ಕೇರಿಗೆ ಹೋಗಿ ಬಾಡಿಗೆ ಕೋಣೆ ಹುಡುಕಿಕೊಳ್ಳಬೇಕಿತ್ತು. ಇದನ್ನು ಅವನೇ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸ್ಟ್ರಿಪ್‌ನ ಹೋಟೆಲುಗಳು ಈ ಬೇಲಿಯನ್ನು ತೆಗೆಯಲು ಒಪ್ಪಿಕೊಂಡದ್ದು 1960ರ ಮಾರ್ಚಿನಲ್ಲಿ. ಕುದುರೆ ಸಾರೋಟು, ಗಾಡಿ ಚಕ್ರದ ದೀಪಗಳ ಫೋಟೊ ನೋಡಿ ನಾನು ಮರುಳಾಗುತ್ತಿರುವಾಗಲೇ ಈ ಪುಟ ಸಿಕ್ಕಿತು. ಅಪ್ಪ ನಮ್ಮ ಮದುವೆಗೆ ಬಾರದ ಕಾರಣಗಳಲ್ಲಿ ಮೊದಲನೆಯದೂ ಇಂಥದೇ ಒಂದು ಬೇಲಿ.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಗ್ರಿಫಿತ್ 1943ರಲ್ಲೇ ತೀರಿಕೊಂಡರು, ಮೂರ್ 1951ರಲ್ಲಿ ಹೋಟೆಲು ಮಾರಿದರು. ಕೌಬಾಯ್ ವೇಷ ಹಳತಾಯಿತೆಂದು 1955ರಲ್ಲಿ ಅಂತರಿಕ್ಷದ ವೇಷ ಹಾಕಿ ನ್ಯೂ ಫ್ರಾಂಟಿಯರ್ ಎಂದು ಕರೆದರು. ಮರುವರ್ಷ ಎಲ್ವಿಸ್ ಮೊದಲ ಬಾರಿ ವೇಗಸ್‌ನಲ್ಲಿ ಹಾಡಿದ್ದು ಇಲ್ಲೇ, ಪಂಚೆ ಸರಿಪಡಿಸಿಕೊಳ್ಳುವ ವಯಸ್ಸಿನ ಪ್ರೇಕ್ಷಕರು ಅವನನ್ನು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಅದನ್ನೂ ಕೆಡವಿ 1967ರಲ್ಲಿ ಫ್ರಾಂಟಿಯರ್ ಎಂಬ ಮತ್ತೊಂದನ್ನು ಕಟ್ಟಿದರು. ಆ ವರ್ಷವೇ ಕೋಟ್ಯಧೀಶ ಹೊವಾರ್ಡ್ ಹ್ಯೂಸ್ ಅದನ್ನು ಕೊಂಡುಕೊಂಡ.

ಕೊನೆಯ ದಶಕಗಳಲ್ಲಿ ನಿಜಕ್ಕೂ ನೆನಪಿಡಬೇಕಾದದ್ದು ಮುಷ್ಕರ. 1991ರ ಸೆಪ್ಟೆಂಬರ್ 21ರಂದು ಸುಮಾರು 550 ಕೆಲಸಗಾರರು, ಅಡುಗೆಯವರು, ಕೋಣೆ ಗುಡಿಸುವವರು, ಮದ್ಯ ಸುರಿಯುವವರು ಹೊರಗೆ ಬಂದು ಬೀದಿಯಲ್ಲಿ ನಿಂತರು. ಆರು ವರ್ಷಕ್ಕೂ ಮೇಲೆ, ಹಗಲು ರಾತ್ರಿ ಪಾಳಿ ಹಾಕಿ ನಿಂತರು. ಅವರಲ್ಲಿ ಒಬ್ಬರೂ ಮುಷ್ಕರ ಮುರಿದು ಒಳಗೆ ಹೋಗಲಿಲ್ಲ. 1998ರ ಫೆಬ್ರವರಿಯಲ್ಲಿ ಹೊಸ ಮಾಲೀಕ ಬಂದ ಮೇಲೆ ಗೆದ್ದು ಕೆಲಸಕ್ಕೆ ಮರಳಿದರು. ಒಂಬತ್ತೇ ವರ್ಷ. 2007ರ ಜುಲೈ 16ರಂದು ಹೋಟೆಲು ಮುಚ್ಚಿತು, ನವೆಂಬರ್ 13ರ ಬೆಳಗಿನ ಜಾವ ಕಟ್ಟಡವನ್ನು ಸ್ಫೋಟಿಸಿದರು. ಜಾಗ ನೂರು ಕೋಟಿ ಡಾಲರಿಗೂ ಮೇಲೆ ಮಾರಾಟವಾಗಿತ್ತು, ಅಲ್ಲಿ ಅರಮನೆಯಂಥ ಹೋಟೆಲು ಏಳಬೇಕಿತ್ತು. ಮರುವರ್ಷ ಜಗತ್ತಿನ ಹಣದ ಮಾರುಕಟ್ಟೆಯೇ ಕುಸಿಯಿತು. ಆಮೇಲೆ ಜಾಗ ಕೈಯಿಂದ ಕೈಗೆ ಹೋಯಿತೇ ಹೊರತು ಕಟ್ಟಡ ಏಳಲಿಲ್ಲ.

ಆ ಹೊತ್ತಿಗೆ ನನಗೆ ಅನ್ನಿಸಿದ್ದು, ವೇಗಸ್ ಇರಲಿ ಕಳಮನಾ ಇರಲಿ, ಮದುವೆಯ ಜಾಗವೆಂದರೆ ಹೆಚ್ಚಿನ ಬೆಲೆ ಬರುವವರೆಗೆ ಆ ನೆಲ ಹಿಡಿದಿರುವ ಒಂದು ಉದ್ಯೋಗ. ಮಾಲೀಕನಿಗೆ ಅದು ಗೊತ್ತಿರುತ್ತದೆ. ಅಕ್ಷತೆ ಹಾಕಿಸಿಕೊಳ್ಳುವವರಿಗೆ ಗೊತ್ತಿರುವುದಿಲ್ಲ. ಬೆಂಗಳೂರಿನಲ್ಲಿ ನಿಮ್ಮ ಮದುವೆಯಾದ ಛತ್ರ ಈಗ ಅಪಾರ್ಟ್‌ಮೆಂಟೋ ಬಟ್ಟೆ ಅಂಗಡಿಯೋ ಆಗಿದ್ದರೆ ನಿಮಗೂ ಗೊತ್ತು.

ಆದರೆ ಇಗರ್ಜಿ? ಅದರ ಬಗ್ಗೆ ಓದುತ್ತ ನಾನು ಹಾಸಿಗೆಯಲ್ಲಿ ಎದ್ದು ಕುಳಿತೆ. ಅದನ್ನು ಯಾರೂ ಕೆಡವಿರಲಿಲ್ಲ, ಸರಿಸಿದ್ದರು. ಮರದ ಕಟ್ಟಡವಾದ್ದರಿಂದ ಬುಡದಿಂದ ಎಬ್ಬಿಸಿ ಗಾಡಿಯ ಮೇಲೆ ಏರಿಸಿ ಒಯ್ಯಬಹುದು. ಮೊದಲ ಸಲ 1954ರಲ್ಲಿ, ಹೊಸ ಹೋಟೆಲಿಗೆ ಜಾಗ ಬೇಕೆಂದು ಅದೇ ಆವರಣದ ಇನ್ನೊಂದು ಬದಿಗೆ. ಎರಡನೇ ಸಲ 1979ರಲ್ಲಿ, ಆ ಹೋಟೆಲನ್ನೇ ಬಿಟ್ಟು ಸ್ಟ್ರಿಪ್‌ನ ದಕ್ಷಿಣ ತುದಿಯ ಹಸಿಯೆಂಡಾ ಎಂಬ ಇನ್ನೊಂದು ಕ್ಯಾಸಿನೊ ಹೋಟೆಲಿನ ಅಂಗಳಕ್ಕೆ. ರಿಚರ್ಡ್ ಗೇರ್ ಮತ್ತು ಸಿಂಡಿ ಕ್ರಾಫರ್ಡ್ 1991ರಲ್ಲಿ ಮದುವೆಯಾದದ್ದು ಅಲ್ಲಿದ್ದಾಗ. ಮರುವರ್ಷ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಅದು ಸೇರಿತು. ಹಸಿಯೆಂಡಾವನ್ನು 1996ರ ಡಿಸೆಂಬರ್ 31ರ ರಾತ್ರಿ ಹೊಸ ವರ್ಷದ ಪಟಾಕಿಯಂತೆ ಟೀವಿಯಲ್ಲಿ ತೋರಿಸಿ ಉರುಳಿಸಿದರು. ಅಷ್ಟರೊಳಗೆ ಇಗರ್ಜಿ ರಸ್ತೆ ದಾಟಿಯಾಗಿತ್ತು. ಮೂರನೇ ಸಲ. ಅದು ಹುಟ್ಟಿದ ಹೋಟೆಲು, ಆಶ್ರಯ ಕೊಟ್ಟ ಹೋಟೆಲು ಎರಡೂ ಹೋದವು. ಸ್ಟ್ರಿಪ್‌ನಲ್ಲಿ ಈಗ ನಿಂತಿರುವ ಅತಿ ಹಳೆಯ ಕಟ್ಟಡ ಅದೇ ಎನ್ನುತ್ತಾರೆ.

ಮರುದಿನ ಮಧ್ಯಾಹ್ನದ ಎರಡು ಗೋಷ್ಠಿಗಳನ್ನು ತಪ್ಪಿಸಿಕೊಂಡು, ಡ್ಯೂಸ್ ಎಂಬ ಎರಡಂತಸ್ತಿನ ಬಸ್ಸು ಹತ್ತಿ, ಪ್ರವಾಸಿಗರು ಸಾಲು ನಿಂತು ಫೋಟೊ ತೆಗೆಸಿಕೊಳ್ಳುವ ಊರಿನ ಸ್ವಾಗತ ಫಲಕದ ಹತ್ತಿರ ಇಳಿದೆ. ಅಲ್ಲಿಂದ ನಡೆದೇ ಹೋದೆ. ದೊಡ್ಡ ದೊಡ್ಡ ಗೋಪುರಗಳನ್ನು ನೋಡಿ ಬಂದ ಕಣ್ಣಿಗೆ ಅದು ಆಟಿಕೆಯಂತೆ ಕಂಡಿತು. ಕಂದು ಮರದ ಗೋಡೆ, ಮೊನಚು ಛಾವಣಿ, ಮೇಲೊಂದು ಗಂಟೆಗೋಪುರ, ಸುತ್ತ ನಾಲ್ಕು ಮರ. ಒಳಗೆ ಒಂದು ಮದುವೆ ನಡೆಯುತ್ತಿತ್ತು. ಹತ್ತು ಹನ್ನೆರಡು ಜನ ಇದ್ದಿರಬೇಕು. ಇಪ್ಪತ್ತು ನಿಮಿಷದಲ್ಲಿ ಜೋಡಿ ಹೊರಗೆ ಬಂದಿತು, ಹುಡುಗಿಯ ಬಿಳಿ ಉಡುಪಿನ ಮೇಲೆ ಹುಡುಗನ ಕೋಟು, ಚಳಿ ಅಷ್ಟಿತ್ತು. ಅವರ ಹಿಂದೆ ಒಬ್ಬ ಮುದುಕ ಮೆಟ್ಟಿಲಿಳಿದು, ತಿರುಗಿ, ಕಟ್ಟಡದ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದ. ಮರ ಗಟ್ಟಿಯೋ ಟೊಳ್ಳೋ ನೋಡುವ ಹಾಗೆ. ನಾನು ಅಲ್ಲಿಂದ ಸ್ವಲ್ಪ ಆಚೆ ಹೋಗಿ ನಿಂತೆ.

ಅಲ್ಲಿ ಸಂಜೆ ನಾಲ್ಕೂವರೆ ಎಂದರೆ ಇಲ್ಲಿ ಮರುದಿನ ಬೆಳಗ್ಗೆ ಆರು. ವಿಡಿಯೊ ಕಾಲ್ ಮಾಡಿದೆ. ಮಗಳು ಮಲಗಿದ್ದಳು, ಮಾವ ಮಾರ್ಕೆಟ್ಟಿಗೆ ಹೊರಟಿದ್ದರು. ಫೋನನ್ನು ಇಗರ್ಜಿಯ ಕಡೆ ತಿರುಗಿಸಿ ಕಥೆ ಹೇಳಿದೆ. ಮೂರು ಸಲ ಸರಿಸಿದರು ಎಂದಾಗ ಅವರಿಗೆ ನಂಬಿಕೆ ಬರಲಿಲ್ಲ. "ಇಡೀ ಕಟ್ಟಡವನ್ನೇ? ಖರ್ಚು ಯಾರು ಕೊಟ್ಟರು?" ಅಂದರು. ಮದುವೆಯ ವ್ಯಾಪಾರ ಚೆನ್ನಾಗಿದ್ದರೆ ಖರ್ಚು ಹುಟ್ಟುತ್ತದೆ ಬಾಬಾ, ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಲಾನ್‌ನಲ್ಲಿ ಸರಿಸುವಂಥದ್ದು ಏನಿತ್ತು, ಬರೀ ಹುಲ್ಲು" ಅಂದರು.

ಊರಿಗೆ ಮರಳಿದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಗೋದಾಮಿನ ಗೇಟಿಗೆ ಹೋದೆ. ಕಾವಲಿನವನಿಗೆ ಮಾವನ ಹೆಸರು ಹೇಳಿದೆ, ಬಿಟ್ಟ. ವೇದಿಕೆಯ ಜಾಗದಲ್ಲಿ ಈರುಳ್ಳಿ ಚೀಲಗಳು. ಅಡುಗೆ ಶೆಡ್ಡಿನ ಗೋಡೆಯ ಮಸಿ ಹಾಗೇ ಇದೆ, ಅದರ ಮುಂದೆ ತೂಕದ ಯಂತ್ರ. ಹಿಂದಿನ ಮೂಲೆಗೆ ಹೋದರೆ ಬೇವಿನ ಗಿಡ ತಗಡಿನ ಆಚೆ ನಿಂತಿತ್ತು, ಕೆಳಗೆ ಹಮಾಲರು ಕೈಕಾಲು ತೊಳೆಯುತ್ತಿದ್ದರು. ಹ್ಯಾಂಡ್‌ಪಂಪ್‌ಗೆ ಹೊಸ ಹಿಡಿ ಹಾಕಿಸಿದ್ದಾರೆ. ಅಜ್ಜ ಇದರ ನೀರು ಕುಡಿದಿದ್ದ ಅಂದೆ. ಮಗಳು ಹಿಡಿಗೆ ಜೋತುಬಿದ್ದಳು, ಅವಳ ಭಾರ ಸಾಲದೆ ಅದು ಇಳಿಯಲಿಲ್ಲ. ಹಮಾಲನೊಬ್ಬ ನಗುತ್ತ ಬಂದು ಜಗ್ಗಿಕೊಟ್ಟ. ಅವಳು ಬೊಗಸೆ ಒಡ್ಡಿ ಕುಡಿದು, ಮುಖ ಕಿವುಚಿ, ಉಪ್ಪುಪ್ಪು ಅಂದಳು. ನಾನೂ ಕುಡಿದು ನೋಡಿದೆ. ಉಪ್ಪೇ ಇತ್ತು.